ದೇವರಿಗೆ ಪಿನ್‌ಕೋಡ್ ಹೇಳುತ್ತಿದ್ದವರು

ಹೋದ ತಿಂಗಳು ಅವರ ಶವಪೆಟ್ಟಿಗೆಯ ಪಕ್ಕ ನಿಂತು ಪಾಸ್ಟರು, "ನಮ್ಮ ಈ ಸಹೋದರರು ತಾಳ್ಮೆಯ ಮೂರ್ತಿ. ಎಷ್ಟು ಕಷ್ಟ ಬಂದರೂ ದೇವರ ಎದುರು ಒಂದು ಮಾತು ಎತ್ತಿದವರಲ್ಲ" ಎಂದಾಗ ನನಗೆ ಎಂಥ ನಗು ಒತ್ತಿಕೊಂಡು ಬಂತೆಂದರೆ, ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅಕ್ಕಪಕ್ಕದವರು, ಪಾಪ, ಅಳುತ್ತಿದ್ದಾಳೆ ಅಂದುಕೊಂಡು ಬೆನ್ನು ಸವರಿದರು. ತಾಳ್ಮೆಯಂತೆ! ಒಂದು ಮಾತು ಎತ್ತಲಿಲ್ಲವಂತೆ! ಹದಿನೇಳು ವರ್ಷ ಅವರ ಎದುರಿನ ಟೇಬಲ್ಲಿನಲ್ಲಿ ಕೂತವಳು ನಾನು. ಆ ಮನುಷ್ಯ ದೇವರ ಜೊತೆ ಜಗಳವಾಡದ ದಿನವೆಂದರೆ ಭಾನುವಾರ ಮಾತ್ರ. ಅದೂ ಅವತ್ತು ಫ್ಯಾಕ್ಟರಿಗೆ ರಜೆಯಾದ್ದರಿಂದ ನನಗೆ ಕೇಳಿಸುತ್ತಿರಲಿಲ್ಲ, ಅಷ್ಟೆ.

ತೆಲುಗು ಸೀಮೆಯ ಬಾಲಾನಗರದ ಒಂದು ಎಂಜಿನಿಯರಿಂಗ್ ಕಾರ್ಖಾನೆಯ ಡಿಸ್‌ಪ್ಯಾಚ್ ಸೆಕ್ಷನ್ ನಮ್ಮದು. ತಯಾರಾದ ಮಾಲನ್ನು ಪೆಟ್ಟಿಗೆ ಕಟ್ಟಿಸಿ, ಮೇಲೆ ವಿಳಾಸ ಬರೆಸಿ, ಲಾರಿಗೆ ಹಾಕಿಸಿ, ಅದು ಮುಟ್ಟಿತೋ ಇಲ್ಲವೋ ಎಂದು ಬೆನ್ನು ಹತ್ತುವುದು ನಮ್ಮ ಕೆಲಸ. ಅವರು ಹಿರಿಯ ಗುಮಾಸ್ತರು, ನಾನು ಕಿರಿಯಳು. ಅವರದು ಬೀದರ್ ಕಡೆ, ತಾತನ ಕಾಲದಿಂದ ಕ್ರೈಸ್ತರು. ನಾನು ಗದಗಿನ ಕಡೆಯವಳು, ನಮ್ಮದು ಮನೆತುಂಬ ಹನುಮಪ್ಪನ ಭಕ್ತರು. ಸೆಕ್ಷನ್ನಿನಲ್ಲಿ ಉಳಿದವರೆಲ್ಲ ತೆಲುಗು, ಹಿಂದಿ ಮಂದಿ. ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಮೊದಲ ದಿನವೇ "ಯಾವೂರು ತಂಗಿ ನಿಂದು?" ಎಂದು ಕೇಳಿದರು. ಅವತ್ತಿನಿಂದ ಅವರು ನನಗೆ ಅಣ್ಣಾರು, ಅವರ ಹೆಂಡತಿ ವೈನಿ.

ಕುಳ್ಳಗೆ, ದುಂಡಗೆ ಇದ್ದರು. ಅರ್ಧ ತೋಳಿನ ಬಿಳಿ ಅಂಗಿ. ಕಿವಿಯ ಮೇಲೆ ಯಾವಾಗಲೂ ಒಂದು ದಪ್ಪ ಮಾರ್ಕರ್ ಪೆನ್ನು. ಅದನ್ನು ಕಿವಿಯ ಮೇಲೆ ಇಟ್ಟುಕೊಂಡೇ ಇಡೀ ಸೆಕ್ಷನ್ ಹುಡುಕಿ, ಇದ್ದಬದ್ದವರನ್ನೆಲ್ಲ ಬೈದು, ಕೊನೆಗೆ ನಾನು "ಕಿವಿ ಮುಟ್ಟಿ ನೋಡ್ಕೋರಿ" ಅಂದಾಗ, "ಮೊದಲs ಹೇಳಕ ಏನಾಗಿತ್ತು ನಿಂಗ?" ಎಂದು ನನ್ನನ್ನೂ ಬೈಯುತ್ತಿದ್ದರು. ಲಾರಿ ಡ್ರೈವರುಗಳಿಗೆ ಅವರೆಂದರೆ ಹೆದರಿಕೆ. ಬಾಯಿಗಲ್ಲ, ವಿಳಾಸಕ್ಕೆ. ಒಂದು ಪೆಟ್ಟಿಗೆಯ ಮೇಲೆ ಅವರು ಬರೆಸುತ್ತಿದ್ದ ವಿಳಾಸ ಓದಿ ಮುಗಿಸುವಷ್ಟರಲ್ಲಿ ಚಹಾ ಆರುತ್ತಿತ್ತು. ಊರು, ಬೀದಿ, ಗಲ್ಲಿ, ಗಲ್ಲಿಯ ಮೂಲೆಯಲ್ಲಿ ಏನಿದೆ, ಅದರ ಎದುರು ಏನಿದೆ, ಗೇಟಿನಲ್ಲಿ ಯಾರನ್ನು ಕೇಳಬೇಕು. "ಲ್ಯಾಂಡ್‌ಮಾರ್ಕ್ ಇಲ್ದ ಹೋದ ಮಾಲು ಮುಟ್ಟಂಗಿಲ್ಲ ತಂಗಿ. ಇದು ಬರದಿಟ್ಕೋ" ಎನ್ನುತ್ತಿದ್ದರು.

ಇದೇ ಚಟ ಪ್ರಾರ್ಥನೆಗೂ ಅಂಟಿತ್ತು. ಮಧ್ಯಾಹ್ನ ಡಬ್ಬಿ ತೆಗೆದು, ಕಣ್ಣು ಮುಚ್ಚಿ, ಕೈ ಜೋಡಿಸಿದರೆಂದರೆ ಮುಗಿಯಿತು. ಎದುರಿಗೆ ಒಬ್ಬರು ಕೈ ಮುಗಿದು ಕೂತಿರುವಾಗ ನಾನು ಹೇಗೆ ಬಾಯಿಗೆ ತುತ್ತು ಇಡಲಿ? ಕಾಯುತ್ತಿದ್ದೆ. ಹೊಟ್ಟೆಯಲ್ಲಿ ಇಲಿ ಓಡಾಡುತ್ತಿದ್ದವು.

"ತಂದೆಯೇ, ಸ್ತೋತ್ರ. ನಮ್ಮ ತಂಗಿ ಅತ್ತಿಯವರಿಗಿ ಮೊಣಕಾಲು ನೋವದ. ಎಡಗಾಲು. ಎಡದ್ದು, ಬಲದ್ದಲ್ಲ. ಮನಿ ಕುಷಾಯಿಗೂಡದಾಗ ಅದ. ನೀರಿನ ಟ್ಯಾಂಕಿನ ಹಿಂದಿನ ಗಲ್ಲಿ, ಮೂರನೇ ಮನಿ, ಹಸರು ಗೇಟು…" ಆಮೇಲೆ ಪಿನ್‌ಕೋಡು, ಆರೂ ಅಂಕಿ ಬಿಡಿಬಿಡಿಯಾಗಿ. ಅಷ್ಟಕ್ಕೇ ಬಿಡುತ್ತಿರಲಿಲ್ಲ. ಮಾಲು ಒಂದು ವಾರದಲ್ಲಿ ಮುಟ್ಟದಿದ್ದರೆ ಸಾಗಣೆಯವರಿಗೆ ರಿಮೈಂಡರ್ ಬರೆಯುವುದು ನಮ್ಮ ಪದ್ಧತಿ. ದೇವರಿಗೂ ಅದೇ. "ಹೋದ ಸೋಮವಾರ ಇದೇ ವಿಷಯದ ಬಗ್ಗೆ ತಮಗ ತಿಳಿಸಿದ್ದೆ ತಂದೆಯೇ. ಇನ್ನೂ ಏನೂ ಜವಾಬು ಬಂದಿಲ್ಲ. ಇದು ಎರಡನೇ ಸಲ ಹೇಳ್ಲಕತ್ತೀನಿ. ಹಿಂಗಾದ್ರ ಹ್ಯಾಂಗ?"

"ನಮ್ಮತ್ತಿ ಮೊಣಕಾಲು ನಿಮ್ಮ ದೇವರಿಗೆ ಯಾಕ್ರಿ ಅಣ್ಣಾರ? ಆಕಿ ಹನುಮಪ್ಪಗ ಎಣ್ಣಿ ಹಾಕ್ತಾಳ" ಎಂದು ಒಂದು ದಿನ ರೇಗಿದೆ.

"ಹಾಕಲಿ. ಒಂದು ಮಾಲಿಗಿ ಎರಡು ಟ್ರಾನ್ಸ್‌ಪೋರ್ಟ್ ಹಚ್ಚಿದ್ರ ತಪ್ಪೇನದ?"

ಮನೆಗೆ ಹೋಗಿ ದೂರು ಹೇಳಿದರೆ ನಮ್ಮತ್ತೆ ಹಿಗ್ಗಿ ಹೀರೇಕಾಯಿಯಾದಳು. ತನ್ನ ಮೊಣಕಾಲಿನ ವಿಷಯ ಇಷ್ಟು ವಿವರವಾಗಿ ಯಾರಾದರೂ ಎಲ್ಲಾದರೂ ಮಾತಾಡುತ್ತಿದ್ದಾರೆ ಎಂಬುದೇ ಆಕೆಗೆ ಅರ್ಧ ಔಷಧ. ಮರುದಿನದಿಂದ ನನ್ನ ಡಬ್ಬಿಯ ಜೊತೆ ಅವರಿಗೊಂದು ಪೊಟ್ಟಣ ಶೇಂಗಾ ಚಟ್ನಿ, ಒಂದು ವರದಿ. "ಬಲಗಾಲೂ ಹಿಡದೈತಿ ಅಂತ ಆ ತಮ್ಮಗ ಹೇಳು." ದೀಪಾವಳಿಗೆ ಗೇಟಿಗೆ ನೀಲಿ ಬಣ್ಣ ಹಚ್ಚಿಸಿದಾಗಲಂತೂ ನಾನು ಬಸ್ಸಿಗೆ ಓಡುತ್ತಿದ್ದರೆ ಹಿಂದಿನಿಂದ ಕೂಗಿದಳು: "ಏ, ಗೇಟಿನ ಬಣ್ಣ ಬದಲಿ ಆಗೈತಿ ಅಂತ ಮೊದಲ ಆ ತಮ್ಮಗ ಹೇಳವಾ! ಮರೀಬ್ಯಾಡ!"

ಅವರಿಗೆ ಒಬ್ಬಳೇ ಮಗಳು. ಗೊತ್ತಾಗಿದ್ದ ಸಂಬಂಧ ತಪ್ಪಿಹೋದಾಗ ಅಣ್ಣಾರು ಅಳುತ್ತ ಕೂರಲಿಲ್ಲ. ಆರ್ಡರ್ ಹಾಕಿದರು. "ಹುಡುಗ ಐದು ಫೂಟು ಎಂಟು ಇಂಚು ಇರ್ಲಿ. ಕಾಯಂ ನೌಕರಿ. ಬಾಟ್ಲಿ ಮುಟ್ಟಬಾರ್ದು. ಅಳತಿ ತಪ್ಪಿದ್ರ ವಾಪಸ್ ಕಳಸ್ತೀನಿ ತಂದೆಯೇ, ಮೊದಲೇ ಹೇಳೀನಿ." ಎಂಟು ತಿಂಗಳಿಗೆ ಹುಡುಗ ಬಂದ. ಐದು ಅಡಿ ನಾಲ್ಕು ಇಂಚು. ಮದುವೆಯ ದಿನ ನನ್ನನ್ನು ಪಕ್ಕಕ್ಕೆ ಕರೆದು, "ಅಳತಿ ಕಮ್ಮಿ ಬಂದದ ತಂಗಿ. ಆದ್ರ ಮಾಲು ಚಲೋ ಅದ. ಇಟ್ಕೊಂಡೀನಿ" ಎಂದರು.

ವೈನಿ ಇದಕ್ಕೆಲ್ಲ ತದ್ವಿರುದ್ಧ. ಎತ್ತರದ ಹೆಂಗಸು, ಗಂಡನಿಗಿಂತ ಒಂದು ಗೇಣು ಹೆಚ್ಚೇ. ಮಾತು ಕಮ್ಮಿ, ನಗು ಜಾಸ್ತಿ. "ನಿಮ್ಮಣ್ಣ ಪ್ರಾರ್ಥನಿಗಿ ಕುಂತ್ರ ದೇವರು ಬರ್ಕೊಳ್ಳಕ ಪೆನ್ನು ಹುಡುಕಬೇಕವ್ವಾ" ಎಂದು ನನ್ನ ಕಿವಿಯಲ್ಲಿ ಹೇಳಿ, ತಾನೇ ಮೊದಲು ನಗುತ್ತಿದ್ದಳು.

ಮಗಳ ಮದುವೆಯಾದ ವರ್ಷವೇ ವೈನಿಯ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಅಣ್ಣಾರು ಬೆಳಗಿನ ಜಾವ ಎದ್ದು ಅಡಿಗೆ ಮಾಡಿ, ಆಕೆಯನ್ನು ಆಟೋದಲ್ಲಿ ಕರೆದೊಯ್ದು ಮಲಗಿಸಿ, ಫ್ಯಾಕ್ಟರಿಗೆ ಬಂದು, ಮತ್ತೆ ಹೋಗಿ ಕರೆತರುತ್ತಿದ್ದರು. ಅವರ ಡಬ್ಬಿಯಲ್ಲಿ ರೊಟ್ಟಿ ಎಂಬ ಹೆಸರಿನ ಭೂಪಟಗಳು ಬರತೊಡಗಿದವು. "ಅಣ್ಣಾರ, ಇದು ಯಾವ ಜಿಲ್ಲಾರಿ?" ಎಂದರೆ, "ಗುಲ್ಬರ್ಗಾ. ಬಾಯಿ ಮುಚ್ಚಿ ಉಣ್ಣು" ಎನ್ನುತ್ತಿದ್ದರು. ನಗುತ್ತಿದ್ದೆವು ನಿಜ. ಆದರೆ ಅವರ ಪ್ರಾರ್ಥನೆ ಉದ್ದವಾಗುತ್ತ ಹೋಯಿತು, ರಿಮೈಂಡರುಗಳು ಬಿರುಸಾದವು. ಅವರಿಗೆ ಬೇಕಾದದ್ದು ಒಂದೇ, ವೈನಿ ಉಳಿಯಬೇಕು. ಇಂಕ್ರಿಮೆಂಟು, ಬಡ್ತಿ, ನಮ್ಮತ್ತೆಯ ಕಾಲು ಎಲ್ಲ ಹಿಂದೆ ಬಿದ್ದವು.

ನಾಲ್ಕನೇ ವರ್ಷ ವೈನಿಗೆ ಜ್ವರ ಏರಿ, ಸೋಂಕು ಎಂದು ಬೇಗಂಪೇಟೆ ಕಡೆಯ ಒಂದು ಆಸ್ಪತ್ರೆಗೆ ಸೇರಿಸಿದರು. ಅಣ್ಣಾರು ಅವತ್ತೇ ಸೆಕ್ಷನ್ನಿಗೆ ಬಂದು ಕಾಗದದ ನಡುವೆ ಕಾರ್ಬನ್ ಇಟ್ಟು ಪ್ರಾರ್ಥನೆ ಚೀಟಿ ಬರೆದರು. ಅವರ ಸಭೆಯಲ್ಲಿ ಕಾಯಿಲೆಯವರ ಹೆಸರು ಬರೆದು ಕೊಟ್ಟರೆ ಎಲ್ಲರೂ ಸೇರಿ ಅವರಿಗಾಗಿ ಪ್ರಾರ್ಥಿಸುವ ರೂಢಿ. ಬೇರೆಯವರು ಹೆಸರಷ್ಟೇ ಬರೆಯುತ್ತಾರೆ. ಇವರದು ಇಡೀ ಪುಟ: ಆಸ್ಪತ್ರೆ, ಮೂರನೇ ಮಹಡಿ, ಲಿಫ್ಟಿನಿಂದ ಬಲಕ್ಕೆ, ಹೆಂಗಸರ ವಾರ್ಡು, ಬೆಡ್ ನಂಬರ್ ಹದಿನಾಲ್ಕು. ಒಂದು ಪ್ರತಿ ಪಾಸ್ಟರಿಗೆ, ಒಂದು ಸ್ತ್ರೀಯರ ಕೂಟಕ್ಕೆ, ಒಂದು ತೆಲುಗು ಸಭೆಯವರಿಗೆ.

"ನಾಲ್ಕನೇದು ಯಾರಿಗ್ರಿ?"

"ಆಫೀಸ್ ಕಾಪಿ" ಎಂದು ಫೈಲಿಗೆ ಹಾಕಿದರು.

ಮೂರು ಸಭೆಗಳು ಸೇರಿ ಹದಿನಾಲ್ಕನೇ ಬೆಡ್ಡಿನ ಮೇಲೆ ಪ್ರಾರ್ಥನೆಯ ಸುರಿಮಳೆ ಸುರಿಸಿದವು. ವಾರದ ಕೊನೆಗೆ ನಾನು ಕೆಲಸ ಮುಗಿಸಿ ನೇರ ಆಸ್ಪತ್ರೆಗೆ ಹೋದರೆ, ಅಣ್ಣಾರು ಹದಿನಾಲ್ಕನೇ ಬೆಡ್ಡಿನ ಕಾಲ ಬಳಿ ಗರಬಡಿದವರಂತೆ ನಿಂತಿದ್ದರು. ಬೆಡ್ಡಿನ ಮೇಲೆ ವೈನಿ ಇಲ್ಲ. ನೋಡಿದರೆ ಒಬ್ಬಳು ಮುದುಕಿ, ಕರೀಂನಗರದ ಕಡೆಯವಳು, ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಮಿರ್ಚಿ ಬಜ್ಜಿ ಕಾವಾಲೆ ನಾಕು!" ಎಂದು ನರ್ಸಿಗೆ ಜಬರಿಸುತ್ತಿದ್ದಾಳೆ.

ನಡೆದದ್ದು ಇಷ್ಟು. ಬಂದ ಎರಡನೇ ದಿನವೇ ವೈನಿಯನ್ನು ಕಿಟಕಿಯ ಪಕ್ಕದ ಆರನೇ ಬೆಡ್ಡಿಗೆ ಬದಲಿಸಿದ್ದರು. ಗಡಿಬಿಡಿಯಲ್ಲಿ ಅಣ್ಣಾರು ಚೀಟಿ ತಿದ್ದುವುದನ್ನು ಮರೆತಿದ್ದರು. ಹದಿನಾಲ್ಕಕ್ಕೆ ಬಂದ ಮುದುಕಿಯ ಬಗ್ಗೆ ಎಲ್ಲರೂ ಆಸೆ ಬಿಟ್ಟಿದ್ದರಂತೆ. ಅವಳು ಈಗ ಎದ್ದು ಕೂತು ಬಜ್ಜಿ ಕೇಳುತ್ತಿದ್ದಾಳೆ. ಆರನೇ ಬೆಡ್ಡಿನಲ್ಲಿ ವೈನಿಯ ಜ್ವರ ಇದ್ದ ಹಾಗೇ ಇದೆ.

"ತಂಗೀ, ಘಾತ ಆಯ್ತು" ಎಂದರು ಅಣ್ಣಾರು. "ಮಾಲು ಬ್ಯಾರೆ ಪಾರ್ಟಿಗಿ ಡೆಲಿವರಿ ಆಗ್ಯದ!"

"ಹಂಗಾರ ವಾಪಸ್ ತರಸ್ರಿ."

"ಹ್ಯಾಂಗ ತರಸ್ಲಿ? ನೋಡಿಲ್ಲಿ, ಪೆಟ್ಟಿಗಿ ಒಡದು ಬಳಸ್ಲಕತ್ತಾಳ!"

ಆರನೇ ಬೆಡ್ಡಿನಲ್ಲಿ ವೈನಿ ಇದನ್ನು ಕೇಳಿ ಎಷ್ಟು ನಕ್ಕಳೆಂದರೆ ಕೈಯ ಸೂಜಿ ಕದಲಿ ನರ್ಸು ಬಂದು ಬೈದಳು. ಬೈಸಿಕೊಂಡು, ಕಣ್ಣೊರೆಸಿಕೊಂಡು, "ಇರ್ಲಿ ಬಿಡ್ರಿ. ಆ ಅವ್ವಗ ನೋಡ್ಲಕ ಒಬ್ರೂ ಬಂದಿಲ್ಲ. ಆಕಿ ಸಲುವಾಗಿನೂ ಯಾರರ ಬೇಡಬೇಕಿತ್ತಲ್ಲ" ಎಂದಳು.

ಅಷ್ಟರಲ್ಲಿ ಪಾಸ್ಟರು ಬಾಳೆಹಣ್ಣು ಹಿಡಿದುಕೊಂಡು ಬಂದರು. ವೈನಿಗೆ ಬಾಳೆಹಣ್ಣು ಕೂಡದು. ಅಣ್ಣಾರು ಅದನ್ನು ಕಿತ್ತುಕೊಂಡು ನನ್ನ ಕೈಗೆ ತುರುಕಿ, ಆದ ಅನಾಹುತವನ್ನೆಲ್ಲ ಹೇಳಿದರು. ಪಾಸ್ಟರು ಒಳ್ಳೆಯವರು, ನಕ್ಕುಬಿಟ್ಟರು. "ಅಯ್ಯಾ, ದೇವರಿಗಿ ಬೆಡ್ ನಂಬರ್ ಬೇಕೇನು? ಆತಗ ಎಲ್ಲಾ ಗೊತ್ತದ. ಯಾರು ಎಲ್ಲಿ ಮಲಗ್ಯಾರ ಅಂತ ಆತಗ ನೀವು ಹೇಳಬೇಕೇನು?"

ಅಣ್ಣಾರ ಮುಖದ ಬಣ್ಣವೇ ಇಳಿಯಿತು. ಹೊರಗೆ ಹೋದರು. ನಾನು ಹಿಂದೆಯೇ ಹೋದೆ. ವರಾಂಡದ ಬೆಂಚಿನ ಮೇಲೆ ಕೂತಿದ್ದರು. ಎಂದೂ ಹಾಗೆ ಕೂತದ್ದನ್ನು ನೋಡಿರಲಿಲ್ಲ.

"ಪಾಸ್ಟರ್ ಹೇಳಿದ್ದು ಖರೇ ಆದ್ರ ನಾ ಉಳ್ಯಂಗಿಲ್ಲ ತಂಗಿ. ಆತಗ ಗೊತ್ತಿದ್ದೂ ಆಕಿನ್ನ ಹಂಗೇ ಬಿಟ್ಟಾನ ಅಂದಂಗಾಯ್ತಲ್ಲ. ಅದು ನನ್ನ ಕಡಿಂದ ಆಗಂಗಿಲ್ಲ. ನಂಬರ್ ತಪ್ಪಿತ್ತು. ತಪ್ಪು ನಂದೇ. ನೀ ಹೇಳು, ನಂದೇ ಹೌದೋ ಅಲ್ಲೋ?"

ಅಷ್ಟು ವರ್ಷ ಅವರನ್ನು ಕಾಡಿಸುತ್ತ ಬಂದವಳು ನಾನು. ಅವತ್ತು ಅವರ ಮುಖ ನೋಡಿ ನನಗೆ ಅರ್ಥವಾಯಿತು. ತನ್ನ ದೇವರ ಮೇಲೆ ತಪ್ಪು ಬರಬಾರದೆಂದು ಈ ಮನುಷ್ಯ ಗುಮಾಸ್ತನ ತಪ್ಪನ್ನು ತನ್ನ ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಾರೆ.

"ಹೌದ್ರಿ ಅಣ್ಣಾರ, ನಿಮ್ಮದs ತಪ್ಪು. ಶುದ್ಧ ಅಲಕ್ಷ್ಯ" ಎಂದು ಜೋರಾಗಿಯೇ ಬೈದೆ. "ಈಗ ಏಳ್ರಿ. ತಿದ್ದುಪಡಿ ಕಳಸೂಣು."

ಅಲ್ಲೇ ಬೆಂಚಿನ ಮೇಲೆ ಕೂತು, ಹನುಮಪ್ಪನ ಒಕ್ಕಲಾದ ನಾನು, ನನ್ನ ಕೈಯಾರೆ ಬರೆದೆ: "ನಮ್ಮ ಹಿಂದಿನ ಚೀಟಿಯಲ್ಲಿ ಬೆಡ್ ನಂಬರ್ ಹದಿನಾಲ್ಕು ಎಂದಿರುವುದನ್ನು ಆರು ಎಂದು ಓದಿಕೊಳ್ಳತಕ್ಕದ್ದು." ಅವರು ಸಹಿ ಹಾಕಿದರು. ಮನೆಗೆ ಹೋಗಿ ಹೇಳಿದರೆ ನಮ್ಮತ್ತೆ ಹನುಮಪ್ಪನ ಮುಂದೆ ನಿಂತು, "ಆರು, ತಂದೆ, ಆರು!" ಎಂದು ಎರಡೂ ಕೈ ಸೇರಿಸಿ ಆರು ಬೆರಳು ತೋರಿಸಿದಳು.

ನಂಬಿ, ಬಿಡಿ, ನಾಲ್ಕನೇ ದಿನಕ್ಕೆ ಜ್ವರ ಇಳಿಯಿತು. ಎಂಟನೇ ದಿನ ವೈನಿ ಮನೆಗೆ ಬಂದಳು. ಅಣ್ಣಾರ ಗತ್ತು ಏನು ಹೇಳಲಿ! ಚರ್ಚಿನಲ್ಲಿ ಕೃತಜ್ಞತೆಯ ಕೂಟ ಇಟ್ಟರು. ಅವರ ಕನ್ನಡ ಸಭೆಗೆ ಸ್ವಂತ ಕಟ್ಟಡವಿಲ್ಲ, ತೆಲುಗಿನವರ ಆರಾಧನೆ ಮುಗಿದ ಮೇಲೆ ಅದೇ ಸಭಾಂಗಣದಲ್ಲಿ ಇವರದು. ಅವತ್ತು ತೆಲುಗಿನವರ ಹಾಡು ಮುಗಿಯುತ್ತಲೇ ಇರಲಿಲ್ಲ. ಅಣ್ಣಾರು ಬಾಗಿಲಲ್ಲಿ ನಿಂತು ಗಡಿಯಾರ ತೋರಿಸುತ್ತ ಚಡಪಡಿಸಿದ್ದೇ ಚಡಪಡಿಸಿದ್ದು. ಒಳಗೆ ಹೋದ ಮೇಲೆ ತಾವು ಮುಕ್ಕಾಲು ಗಂಟೆ ದೇವರು ಮಾಡಿದ ಉಪಕಾರದ ಸಾಕ್ಷಿ ಹೇಳಿದರು. ಲಿಫ್ಟು, ವಾರ್ಡು, ಹದಿನಾಲ್ಕು, ಮಿರ್ಚಿ ಬಜ್ಜಿ, ತಿದ್ದುಪಡಿ, ಆರು. ನಡುನಡುವೆ ಪಾಸ್ಟರ ಕಡೆ ನೋಡಿ, "ನಂಬರ್ ಬ್ಯಾಡ ಅಂತಾರ ಕೆಲವರು" ಎಂದು ಬೇರೆ ಚುಚ್ಚಿದರು. ಪಾಸ್ಟರು ಚಾವಣಿಯ ಫ್ಯಾನು ನೋಡುತ್ತ ಕೂತರು. ಜೀವಮಾನದಲ್ಲಿ ಮೊದಲ ಸಲ ಚರ್ಚಿಗೆ ಬಂದಿದ್ದ ನಮ್ಮತ್ತೆ, ಊಟದ ಪಂಕ್ತಿಯಲ್ಲಿ ಪಾಸ್ಟರನ್ನೇ ಹಿಡಿದು ಎರಡೂ ಮೊಣಕಾಲು ತೋರಿಸಿದಳು.

ಏಳು ತಿಂಗಳ ಮೇಲೆ ವೈನಿ ತೀರಿಕೊಂಡಳು. ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ, ಬೆಳಗಿನ ಹತ್ತು ಗಂಟೆಗೆ, ತನ್ನ ಮಂಚದ ಮೇಲೆ. ಅಣ್ಣಾರು ಪಕ್ಕದಲ್ಲೇ ಕೂತು ಪ್ರಾರ್ಥನೆ ಮಾಡುತ್ತಿದ್ದರಂತೆ. ಮೂವತ್ತು ವರ್ಷದಿಂದ ಇದ್ದ ಮನೆ. ಈ ಸಲ ವಿಳಾಸದಲ್ಲಿ ಏನೂ ತಪ್ಪಿರಲಿಲ್ಲ.

ಹತ್ತು ದಿನಕ್ಕೆ ಕೆಲಸಕ್ಕೆ ಬಂದರು. ಪೆಟ್ಟಿಗೆಗಳ ಮೇಲೆ ಎಂದಿನಂತೆ ಬರೆಸಿದರು, ಡ್ರೈವರುಗಳಿಗೆ ಎಂದಿನಂತೆ ಗದರಿದರು. ಸೆಕ್ಷನ್ನಿನವರು "ಗಟ್ಟಿ ಮನಿಷಿ" ಎಂದು ಹೊಗಳಿದರು. ಮಧ್ಯಾಹ್ನ ಡಬ್ಬಿ ತೆಗೆದರು. ನಾನು ಅಭ್ಯಾಸಬಲದಿಂದ ಕೈ ಕಟ್ಟಿ ಕಾದೆ. ಅವರು ಸುಮ್ಮನೆ ರೊಟ್ಟಿ ಮುರಿದು ತಿನ್ನತೊಡಗಿದರು. ನನಗೆ ಹೆದರಿಕೆಯಾಯಿತು.

ಹೀಗೇ ಒಂದೂವರೆ ತಿಂಗಳು. ಭಾನುವಾರ ಚರ್ಚಿಗೂ ಬರುತ್ತಿಲ್ಲವೆಂದು ಪಾಸ್ಟರು ನನಗೆ ಫೋನ್ ಮಾಡಿದರು. "ನಾನೇನ್ ಮಾಡ್ಲಿರಿ? ನಾ ನಿಮ್ಮ ಪೈಕಿ ಅಲ್ಲ" ಎಂದೆ. "ಗೊತ್ತದವ್ವಾ. ಆದ್ರ ಅವರು ಬೈಸ್ಕೊಳ್ಳೋದು ನಿಮ್ಮ ಕಡಿಂದ ಮಾತ್ರ" ಎಂದರು. ಮನೆಯಲ್ಲಿ ನಮ್ಮತ್ತೆ ದಿನಾ ಒಂದೇ ಪ್ರಶ್ನೆ: "ಆ ತಮ್ಮ ಬಾಯಿ ತಗದನೇನು?"

ಮೇ ತಿಂಗಳ ಒಂದು ಮಧ್ಯಾಹ್ನ ನನಗೆ ತಡೆಯಲಿಲ್ಲ. ಡಬ್ಬಿ ಮುಚ್ಚಿ ಪಕ್ಕಕ್ಕೆ ತಳ್ಳಿದೆ.

"ಅಣ್ಣಾರ, ನೀವು ಕಣ್ಣು ಮುಚ್ಚಿ ಏನರ ಅನ್ರಿ. ಇಲ್ಲಾಂದ್ರ ನನಗ ಊಟ ಸೇರಾಕತ್ತಿಲ್ಲ."

"ಏನ್ ಅನ್ಲಿ ತಂಗಿ? ಬೇಡೋದೆಲ್ಲಾ ಮುಗೀತು. ಇನ್ನೇನೂ ಉಳದಿಲ್ಲ."

"ಬೇಡಬ್ಯಾಡ್ರಿ, ಜಗಳರ ಆಡ್ರಿ! ನನ್ನ ಗಂಡನ ಮ್ಯಾಲ ಸಿಟ್ಟು ಬಂದ್ರ ನಾ ಬಾಯಿ ಜೋರು ಮಾಡ್ತೀನಿ. ಮಾತು ಬಿಡಂಗಿಲ್ಲ. ಮಾತು ಬಿಟ್ಟ ಮನಿ ಉಳಿದದ್ದು ಎಲ್ಲೆರ ನೋಡೀರೇನು? ಬೈರಿ ಅವಗ, ಒಂದು ಸಲ ಬೈರಿ!"

ನನ್ನ ದನಿ ಏರಿತ್ತು. ತೆಲುಗು ಮಂದಿ ತಿರುಗಿ ನೋಡಿದರು. ಅಣ್ಣಾರು ಬಾಟಲಿಯಿಂದ ಲೋಟಕ್ಕೆ ನೀರು ಬಗ್ಗಿಸಿದರು. ಕುಡಿಯಲು ಎತ್ತಿದವರು ಹಾಗೇ ಕೆಳಗಿಟ್ಟು ಅದನ್ನೇ ನೋಡುತ್ತ ಕೂತರು. ಆಮೇಲೆ ಕಣ್ಣು ಮುಚ್ಚಿದರು.

"ತಂದೆಯೇ. ನಿನ್ನ ಮ್ಯಾಲ ನಂಗ ಭಾಳ ಸಿಟ್ಟದ. ಹೋಗಂಗಿಲ್ಲ ಅದು, ಇರ್ಲಿ. ಒಂದು ಮಾತು ಹೇಳಬೇಕಿತ್ತು. ಡಾಕ್ಟರ್ ಆಕಿಗಿ ದಿನಕ್ಕ ನಾಲ್ಕೇ ಲೋಟ ನೀರು ಅಂದಿದ್ರು. ನಾಲ್ಕು ವರ್ಷ ನಾನೇ ಅಳದು ಕೊಟ್ಟೀನಿ. ಬ್ಯಾಸಗ್ಯಾಗ ಕೈ ಮುಗದು ಕೇಳ್ತಿದ್ಳು, ಇನ್ನೊಂದ್ ಗುಟುಕು ಕೊಡ್ರಿ ಅಂತ. ನಾ ಬೈತಿದ್ದೆ. ಕೊಡ್ಲಿಲ್ಲ. ಈಗ ನಿನ್ನ ಹಂತೇಕ ಬಂದಾಳ. ಆಕಿಗಿ ನೀರು ಕೊಡು ತಂದೆಯೇ. ಅಳೀಬ್ಯಾಡ. ಹೊಟ್ಟಿ ತುಂಬ ಕೊಡು. ಆಮೆನ್."

ಕಣ್ಣು ತೆರೆದರು. ನನ್ನ ಮುಚ್ಚಿದ ಡಬ್ಬಿಯನ್ನು ತಾವೇ ತೆಗೆದು ನನ್ನ ಮುಂದೆ ಸರಿಸಿ, "ಉಣ್ಣು ತಂಗಿ" ಎಂದರು. ನಾನು ಉಂಡೆ. ಅಳುತ್ತಲೇ ಉಂಡೆ.